ನಿಂತ ಗಾಡಿಯ ಲೆಕ್ಕ: ಕ್ಯಾಂಪರ್ ವ್ಯಾನಿಗೆ ಡೀಸೆಲ್ಲೋ ಪೆಟ್ರೋಲೋ?

ಕ್ಯಾಂಪರ್ ವ್ಯಾನ್ ಮಾಡಿಸುತ್ತೇನೆ ಎಂದು ಹೊರಟವರಿಗೆ ಕಲಬುರಗಿಯ ಯಾವ ಗ್ಯಾರೇಜಿನಲ್ಲೂ ಎದುರಾಗುವ ಮೊದಲ ಪ್ರಶ್ನೆ, "ಎಷ್ಟ್ ಎವರೇಜ್ ಕೊಡ್ತದ?" ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಹೊತ್ತ ಗಾಡಿಗೆ ಈ ಪ್ರಶ್ನೆ ಅರ್ಧ ಮಾತ್ರ ಸಾಕಾಗುತ್ತದೆ. ಪ್ರವಾಸದ ದಿನವೂ ಅದು ಓಡುವುದು ಎರಡು ಮೂರು ತಾಸು. ಉಳಿದ ಹೊತ್ತೆಲ್ಲ ನಿಂತಿರುತ್ತದೆ. ನಮ್ಮ ಭಾಗದಲ್ಲಂತೂ ಮಾರ್ಚ್‌ನಿಂದ ಜೂನ್ ಮಳೆ ಬೀಳುವವರೆಗೆ ಶೆಡ್ಡು ಬಿಟ್ಟು ಹೊರಬರುವುದೇ ಅಪರೂಪ. ರಸ್ತೆಯ ಮೇಲೆ ಡೀಸೆಲ್ ಗೆಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಗೆದ್ದ ದುಡ್ಡು ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದನ್ನು ಗಾಡಿ ನಿಂತಾಗಿನ ನಡವಳಿಕೆ ತೀರ್ಮಾನಿಸುತ್ತದೆ.

ಮೊದಲು ರಸ್ತೆಯ ಲೆಕ್ಕ. ಟೆಂಪೊ ಟ್ರಾವೆಲರ್ ಗಾತ್ರದ, ಸಾಮಾನು ತುಂಬಿದರೆ 4 ಟನ್ ತೂಗುವ ಗಾಡಿ ಎಂದಿಟ್ಟುಕೊಳ್ಳಿ. ಗಾಳಿಗೆ ಒಡ್ಡುವ ಮುಖ 5 ಚದರ ಮೀಟರ್, ಗಾಳಿಯ ಎಳೆತದ ಗುಣಾಂಕ 0.5, ಟೈರು ಉರುಳುವಾಗಿನ ತಡೆ ತೂಕದ ನೂರನೇ ಒಂದು ಪಾಲು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ಹಗಲಿನಲ್ಲಿ ಇಲ್ಲಿನ ಒಂದು ಘನ ಮೀಟರ್ ಗಾಳಿ 1.1 ಕಿಲೊ ತೂಗುತ್ತದೆ. ತಾಸಿಗೆ 80 ಕಿ.ಮೀ. ವೇಗದಲ್ಲಿ ಗಾಳಿ ಸುಮಾರು 680 ನ್ಯೂಟನ್, ಟೈರುಗಳು 390 ನ್ಯೂಟನ್ ಬಲದಿಂದ ಗಾಡಿಯನ್ನು ಹಿಂದಕ್ಕೆಳೆಯುತ್ತವೆ. 100 ಕಿ.ಮೀ. ಸಾಗಲು ಚಕ್ರಗಳಿಗೆ 107 ಮೆಗಾಜೂಲ್ ಶಕ್ತಿ ಬೇಕು.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಇದೆ. ಶುದ್ಧ ಪೆಟ್ರೋಲ್‌ನಲ್ಲಿ 32. ಆದರೆ ಈಗ ಬಂಕಿನಲ್ಲಿ ಸಿಗುವುದು ಇ-20. ಅದರ ಐದನೇ ಒಂದು ಪಾಲು ಎಥನಾಲ್, ಎಥನಾಲಿನ ಲೀಟರಿನಲ್ಲಿರುವುದು 21 ಮೆಗಾಜೂಲ್. ಹಾಗಾಗಿ ಕೈಗೆ ಬರುವುದು ಲೀಟರಿಗೆ 30ರಷ್ಟೇ. ಬೀದರ್, ಆಳಂದ, ಅಫಜಲಪುರದ ಕಬ್ಬು ಬೆಳೆಗಾರರಿಗೆ ಇದು ಸಿಹಿ ಸುದ್ದಿ, ಎವರೇಜಿಗೆ ಕಹಿ.

ಶಕ್ತಿಯ ಅಂತರಕ್ಕಿಂತ ಎಂಜಿನ್ನಿನ ಅಂತರ ದೊಡ್ಡದು. ಡೀಸೆಲ್ ಎಂಜಿನ್ ಗಾಳಿಯನ್ನು 15ರಿಂದ 18 ಪಟ್ಟು ಒತ್ತುತ್ತದೆ, ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 10–11 ಪಟ್ಟು. ಹೆಚ್ಚು ಒತ್ತಿದಷ್ಟೂ ಅದೇ ಉರಿಯಿಂದ ಹೆಚ್ಚು ಕೆಲಸ ತೆಗೆಯಬಹುದು. ಇನ್ನೊಂದು ಕಾರಣ ಥ್ರಾಟಲ್. ಕಡಿಮೆ ಶಕ್ತಿ ಸಾಕೆಂದಾಗ ಪೆಟ್ರೋಲ್ ಎಂಜಿನ್ ಗಾಳಿಯ ದಾರಿಯನ್ನೇ ಮುಚ್ಚಿಕೊಳ್ಳುತ್ತದೆ; ಪಿಸ್ಟನ್ನು ಆ ಇಕ್ಕಟ್ಟಿನ ಮೂಲಕ ಗಾಳಿ ಎಳೆಯಲು ಏದುಸಿರು ಬಿಡಬೇಕು. ಡೀಸೆಲ್ ಎಂಜಿನ್ ಗಾಳಿಯನ್ನು ಪೂರ್ತಿ ಒಳಬಿಟ್ಟು ಇಂಧನವನ್ನಷ್ಟೇ ಕಡಿಮೆ ಮಾಡುತ್ತದೆ. ಹಾಗಾಗಿ ಹಗುರ ಹೊರೆಯಲ್ಲಿ ಇವೆರಡರ ಅಂತರ ಇನ್ನೂ ಹಿಗ್ಗುತ್ತದೆ. ನಿಂತಲ್ಲಿ ಓಡುವ ಎಂಜಿನ್ನಿಗಿಂತ ಹಗುರ ಹೊರೆ ಬೇರಿಲ್ಲ, ಅದಕ್ಕೆ ಆಮೇಲೆ ಬರೋಣ.

ರಸ್ತೆಯ ಮೇಲೆ ಡೀಸೆಲ್‌ಗೆ ನೂರಕ್ಕೆ 30, ಪೆಟ್ರೋಲ್‌ಗೆ 25ರಷ್ಟು ದಕ್ಷತೆ ಹಿಡಿದರೆ, 100 ಕಿ.ಮೀ.ಗೆ 9.9 ಲೀಟರ್ ಡೀಸೆಲ್ ಅಥವಾ 14.3 ಲೀಟರ್ ಪೆಟ್ರೋಲ್ ಬೇಕು. ಅಂದರೆ ಲೀಟರಿಗೆ 10 ಮತ್ತು 7 ಕಿ.ಮೀ. ವೇಗ 100ಕ್ಕೇರಿಸಿದರೆ ಗಾಳಿಯ ಎಳೆತ 1,060 ನ್ಯೂಟನ್ನಿಗೆ ಜಿಗಿದು ಡೀಸೆಲ್ ಗಾಡಿಯೂ 7.4ಕ್ಕೆ ಇಳಿಯುತ್ತದೆ. ಹುಮನಾಬಾದ್ ಕಡೆಯ ಹೆದ್ದಾರಿ ಚೊಕ್ಕಟವಾಗಿದೆ ಎಂದು ಒತ್ತಿದರೆ ಡೀಸೆಲ್ ಕೊಂಡ ಲಾಭ ಅಲ್ಲೇ ಹಾರಿಹೋಗುತ್ತದೆ.

ಇದೇ ಲೆಕ್ಕದಿಂದ ಗ್ಯಾರೇಜಿನ ಎರಡು ನಂಬಿಕೆಗಳನ್ನು ತೂಗಿ ನೋಡಬಹುದು. 200 ಲೀಟರ್ ನೀರು ತುಂಬಿಕೊಂಡು ಹೋದರೆ ಎವರೇಜ್ ಬೀಳುತ್ತದೆ ಎನ್ನುತ್ತಾರೆ. ಬಯಲಿನಲ್ಲಿ ಅದರ ಖರ್ಚು 100 ಕಿ.ಮೀ.ಗೆ 0.2 ಲೀಟರ್ ಡೀಸೆಲ್ ಕೂಡ ಆಗದು. ಅದೇ ಮಾಳಿಗೆಯ ಮೇಲೆ ಏಸಿ ಪೆಟ್ಟಿಗೆ, ಲಗೇಜ್ ಕ್ಯಾರಿಯರ್ ಸೇರಿ 0.3 ಚದರ ಮೀಟರ್ ಮುಖ ಹೆಚ್ಚಿದರೆ ಖರ್ಚು ಅದರ ಎರಡು ಪಟ್ಟು. ನೀರು ತುಂಬಿಕೊಳ್ಳಿ, ಕ್ಯಾರಿಯರ್ ತೆಗೆಸಿ. ಇನ್ನೊಂದು, ಬೀದರ್ ಏರಿನ ಭಯ. ಕಲಬುರಗಿಗಿಂತ ಬೀದರ್ ಇನ್ನೂರು ಮೀಟರ್ ಚಿಲ್ಲರೆ ಎತ್ತರದಲ್ಲಿದೆ. 4 ಟನ್ನನ್ನು ಅಷ್ಟೆತ್ತರಕ್ಕೆ ಎತ್ತಲು ತಗಲುವುದು ಮುಕ್ಕಾಲು ಲೀಟರ್ ಡೀಸೆಲ್, ಪೆಟ್ರೋಲಾದರೆ ಒಂದು ಲೀಟರಿಗೆ ತುಸು ಹೆಚ್ಚು. ನೂರು ಕಿ.ಮೀ. ದಾಟಿದ ಆ ದಾರಿಯ ಒಟ್ಟು ಖರ್ಚಿನ ಮುಂದೆ ಅದು ಚಿಲ್ಲರೆ.

ಅಂತರ್ಜಾಲದಲ್ಲಿ ಸಿಗುವ ಹೋಲಿಕೆಗಳು ಬಹುಪಾಲು ಅಮೆರಿಕದವು. ಅಲ್ಲಿನ ದೊಡ್ಡ ಪೆಟ್ರೋಲ್ ಮೋಟರ್‌ಹೋಮ್‌ಗಳಲ್ಲಿ ಫೋರ್ಡ್ ಕಂಪನಿಯ 6.8 ಲೀಟರಿನ ಹತ್ತು ಸಿಲಿಂಡರ್ ಅಥವಾ 7.3 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಇರುತ್ತದೆ. ಲೀಟರಿಗೆ 3–4 ಕಿ.ಮೀ. ಓಡಿದರೆ ಪುಣ್ಯ. ಅಲ್ಲಿ ಸಾಮಾನ್ಯವಾಗಿ ಡೀಸೆಲ್ ಪೆಟ್ರೋಲಿಗಿಂತ ತುಟ್ಟಿ, ನಮ್ಮಲ್ಲಿ ಅಗ್ಗ. ಅವರ ತೀರ್ಮಾನವನ್ನು ಇಲ್ಲಿಗೆ ಹಾಗೇ ಎತ್ತಿ ತರುವಂತಿಲ್ಲ. ಚಳಿಗೆ ಡೀಸೆಲ್ ಮೇಣವಾಗುವ ಲಡಾಖಿನ ಎಚ್ಚರಿಕೆಗಳೂ ನಮಗೆ ಬೇಡ.

ಲೆಕ್ಕದ ಅನುಕೂಲಕ್ಕೆ ಡೀಸೆಲ್ 91, ಪೆಟ್ರೋಲ್ 103 ರೂಪಾಯಿ ಎನ್ನೋಣ. ನಿಮ್ಮ ಬಂಕಿನ ದರ ಹಾಕಿಕೊಳ್ಳಿ. ಕಿ.ಮೀ.ಗೆ 9 ರೂಪಾಯಿ ಒಂದು ಕಡೆ, 14 ರೂಪಾಯಿ 70 ಪೈಸೆ ಇನ್ನೊಂದು ಕಡೆ. ಉಳಿತಾಯ 5 ರೂಪಾಯಿ 70 ಪೈಸೆ. ಇದರಿಂದ ಹೊಗೆಯ ವಿಷ ತಗ್ಗಿಸಲು ಹೊಸ ಡೀಸೆಲ್ ಗಾಡಿಗಳಿಗೆ ಹಾಕುವ ಯೂರಿಯಾ ದ್ರವದ ಖರ್ಚು 25 ಪೈಸೆ, ಡೀಸೆಲ್ ಎಂಜಿನ್ನಿನ ಹೆಚ್ಚಿನ ಆಯಿಲ್, ಫಿಲ್ಟರುಗಳಿಗೆ ಒಂದು ರೂಪಾಯಿ ತೆಗೆದರೆ ಉಳಿಯುವುದು ನಾಲ್ಕೂವರೆ. ಡೀಸೆಲ್ ಗಾಡಿಗೆ ಎರಡೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ತೀರಲು 55,000 ಕಿ.ಮೀ. ಓಡಬೇಕು. ಬಾಡಿಗೆಗೆ ಬಿಟ್ಟು ವರ್ಷಕ್ಕೆ 20,000 ಓಡಿಸುವವರಿಗೆ ಮೂರು ವರ್ಷದೊಳಗೆ ತೀರುತ್ತದೆ. ದಸರೆ, ದೀಪಾವಳಿ, ಸಂಕ್ರಾಂತಿಗೆ ಮಾತ್ರ ಹೊರತೆಗೆದು 6,000 ಓಡಿಸುವ ಕುಟುಂಬಕ್ಕೆ ಒಂಬತ್ತು ವರ್ಷ.

ಒಂದು ಮಾತು. 4 ಟನ್ನಿನ ವರ್ಗದಲ್ಲಿ ನಮ್ಮ ದೇಶದಲ್ಲಿ ಪೆಟ್ರೋಲ್ ಗಾಡಿ ಸಿಗುವುದೇ ಅಪರೂಪ. ಮೇಲಿನದು ಒಂದೇ ಮೈಕಟ್ಟಿಗೆ ಎರಡು ಎಂಜಿನ್ ಹಾಕಿ ನೋಡಿದ ಲೆಕ್ಕ. ಎರಡೂ ಸಿಗುವುದು ಸ್ಕಾರ್ಪಿಯೊ-ಎನ್‌ನಂಥ, ಹಿಂದೆ ಕ್ಯಾರವಾನ್ ಎಳೆಯಬಲ್ಲ ಗಾಡಿಗಳಲ್ಲಿ. ಅನೇಕರ ಮುಂದಿರುವ ನಿಜವಾದ ಆಯ್ಕೆ ದೊಡ್ಡ ಡೀಸೆಲ್ ಟ್ರಾವೆಲರ್ ಮತ್ತು ಮಾರುತಿ ಈಕೊದಂಥ ಚಿಕ್ಕ ಪೆಟ್ರೋಲ್ ವ್ಯಾನಿನ ನಡುವೆ. ಒಂದೂವರೆ ಟನ್ ತೂಗುವ ಚಿಕ್ಕ ವ್ಯಾನಿಗೆ ಇದೇ ಸೂತ್ರ ಹಾಕಿದರೆ ಲೀಟರಿಗೆ 15 ಕಿ.ಮೀ. ಆಸುಪಾಸು ಬರುತ್ತದೆ, ಕಿ.ಮೀ.ಗೆ 7 ರೂಪಾಯಿ. ಇಬ್ಬರೇ ಮಲಗುವುದಾದರೆ ಇಂಧನದ ಚರ್ಚೆಗಿಂತ ಮೊದಲು ಗಾಡಿಯನ್ನು ಚಿಕ್ಕದು ಮಾಡುವುದು ಜಾಣತನ.

ಈಗ ನಿಂತ ಗಾಡಿ. ಏಪ್ರಿಲ್ ಹೊತ್ತಿಗೆ ಕಲಬುರಗಿ, ಯಾದಗಿರಿಯಲ್ಲಿ ಹಗಲು 42 ಡಿಗ್ರಿ ದಾಟುತ್ತದೆ, ರಾತ್ರಿಯೂ ತಂಪಿಲ್ಲ. ಸನ್ನತಿಯ ಭೀಮಾ ದಂಡೆಯಲ್ಲೋ ಚಂದ್ರಂಪಳ್ಳಿ ಕೆರೆಯ ಬಳಿಯೋ ತಂಗಿದವರು ಎಂಜಿನ್ ಚಾಲೂ ಇಟ್ಟು ಏಸಿ ಹಾಕಿಕೊಳ್ಳುತ್ತಾರೆ. ಏಸಿ ಸಹಿತ ಡೀಸೆಲ್ ಎಂಜಿನ್ ತಾಸಿಗೆ ಸುಮಾರು ಒಂದು ಲೀಟರ್, ಅದೇ ಗಾತ್ರದ ಪೆಟ್ರೋಲ್ ಎಂಜಿನ್ ಒಂದೂವರೆ ಲೀಟರ್ ಕುಡಿಯುತ್ತದೆ. ಎಂಟು ತಾಸಿನ ನಿದ್ದೆಗೆ 730 ರೂಪಾಯಿ ಅಥವಾ 1,240 ರೂಪಾಯಿ. ಬ್ಯಾಟರಿ ತುಂಬಿಸಲು ಎಂಜಿನ್ ಓಡಿಸುವುದು ಇನ್ನೂ ದುಬಾರಿ. ನಿಧಾನ ವೇಗದಲ್ಲಿ ಆಲ್ಟರ್ನೇಟರ್ 60 ಆಂಪಿಯರ್ ಕೊಟ್ಟರೂ ತಾಸಿಗೆ 0.8 ಯೂನಿಟ್, ಅದೇ ಒಂದು ಲೀಟರ್ ಡೀಸೆಲ್ ಲೆಕ್ಕಕ್ಕೆ ಯೂನಿಟ್ಟಿಗೆ 110 ರೂಪಾಯಿ ಬಿತ್ತು! ಜೆಸ್ಕಾಂ ಕರೆಂಟು ಹತ್ತು ರೂಪಾಯಿಯೊಳಗೆ ಸಿಗುತ್ತದೆ. 15 ಆಂಪಿಯರ್ ಪ್ಲಗ್ ಕೊಡುವ ಲಾಡ್ಜಿನ ಅಂಗಳಕ್ಕೆ ಬಾಡಿಗೆ ಕೊಟ್ಟರೂ ಅಗ್ಗ. ಹಣಕ್ಕಿಂತ ದೊಡ್ಡ ಮಾತು: ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಪೆಟ್ರೋಲ್ ಹೊಗೆಯಲ್ಲಿ ಅದು ಹೆಚ್ಚು, ಮಲಗಿದವರು ಏಳುವುದಿಲ್ಲ.

ನಿಂತಲ್ಲಿ ಡೀಸೆಲ್ ಕಡಿಮೆ ಕುಡಿಯುವುದೇ ಅದರ ಮುಳುವೂ ಹೌದು. 2020ರ ಏಪ್ರಿಲ್‌ನಿಂದ ಬಂದ, ಬಿಎಸ್-6 ಎಂಬ ಹೊಗೆ ಮಿತಿಯ ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಎನ್ನುತ್ತಾರೆ. ಹಿಡಿದ ಮಸಿಯನ್ನು ಅದು 600 ಡಿಗ್ರಿ ಆಸುಪಾಸಿನಲ್ಲಿ ಸುಟ್ಟುಕೊಳ್ಳಬೇಕು. ನಿಂತಲ್ಲೇ ಓಡುವ ಎಂಜಿನ್ನಿನ ಹೊಗೆ 100–150 ಡಿಗ್ರಿಯಷ್ಟೇ ಇರುವುದರಿಂದ ಮಸಿ ಕೂಡುತ್ತದೆ, ಸುಡುವುದಿಲ್ಲ. ಆಗ ಕಂಪ್ಯೂಟರ್ ಸಿಲಿಂಡರಿಗೆ ತಡವಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಹೊಗೆಯನ್ನು ಕಾಯಿಸುತ್ತದೆ. ಉರಿಯದ ಡೀಸೆಲ್‌ನ ಒಂದಿಷ್ಟು ಸಿಲಿಂಡರ್ ಗೋಡೆಗುಂಟ ಇಳಿದು ಎಂಜಿನ್ ಆಯಿಲ್ ಸೇರುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರಿದ್ದು ಕಂಡರೆ ಖುಷಿಪಡುವ ಡ್ರೈವರುಗಳಿದ್ದಾರೆ; ಅದು ತೆಳುವಾದ ಆಯಿಲ್, ಕೂಡಲೇ ಬದಲಿಸಬೇಕು. ಮಸಿ ಸುಡುವುದು ನಡೆದಿರುವಾಗ ಮತ್ತೆ ಮತ್ತೆ ಎಂಜಿನ್ ಬಂದ್ ಮಾಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊಸ ಫಿಲ್ಟರಿನ ಬಿಲ್ಲು ಒಂದೇ ಏಟಿಗೆ ಸಾವಿರಾರು ಕಿ.ಮೀ.ಗಳ ಉಳಿತಾಯವನ್ನು ನುಂಗುತ್ತದೆ.

ಇದಕ್ಕೆ ಮದ್ದು ಸರಳ. ಒಂದೆರಡು ದಿನ ನಿಂತ ಗಾಡಿಯನ್ನು ಊರೊಳಗೆ ಸುತ್ತಿಸದೆ ರಾಷ್ಟ್ರೀಯ ಹೆದ್ದಾರಿ 50ಕ್ಕೆ ಒಯ್ದು, ಒಂದು ಗೇರ್ ಕೆಳಗಿಟ್ಟು, ಎಂಜಿನ್ ನಿಮಿಷಕ್ಕೆ 2,000 ಸುತ್ತು ದಾಟಿರುವಂತೆ 20–25 ನಿಮಿಷ ಸತತ ಓಡಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್ ದೀಪ ಹತ್ತಿದ್ದಾಗ ಹೊಲದಂಚಿಗೆ ಇಳಿಸಲೇಬಾರದು. ಡಿಸೆಂಬರ್, ಜನವರಿಯಲ್ಲಿ ನಮ್ಮ ರಸ್ತೆಗಳ ಬದಿಗೆ ಒಣಗಿದ ತೊಗರಿ ಕಟ್ಟಿಗೆ, ಹೊಟ್ಟು, ಹುಲ್ಲು ಬಿದ್ದಿರುತ್ತವೆ. ಅಷ್ಟು ಕಾದ ಸೈಲೆನ್ಸರ್ ಅದರ ಮೇಲೆ ಬಂದು ನಿಂತರೆ ಹೊಲವೂ ಉಳಿಯದು, ಗಾಡಿಯೂ ಉಳಿಯದು.

ಯೂರಿಯಾ ಬೇಡುವ ಗಾಡಿಗಳಿಗೆ ಬೇಸಿಗೆಯದ್ದೇ ಇನ್ನೊಂದು ಕಾಟ. ಈ ದ್ರವದಲ್ಲಿ 32.5% ಯೂರಿಯಾ, ಉಳಿದದ್ದು ಶುದ್ಧ ನೀರು. ಡೀಸೆಲ್‌ನ 3–5%ರಷ್ಟು ಖರ್ಚಾಗುತ್ತದೆ. 25 ಡಿಗ್ರಿಯಲ್ಲಿ ಇಟ್ಟರೆ ಒಂದೂವರೆ ವರ್ಷ ಬಾಳುವ ದ್ರವ 35 ಡಿಗ್ರಿಯಲ್ಲಿ ಆರು ತಿಂಗಳಿಗೆ ಕೆಡುತ್ತದೆ, ಅದಕ್ಕಿಂತ ಬಿಸಿಯಲ್ಲಿ ಇನ್ನೂ ಬೇಗ. ತಗಡಿನ ಶೆಡ್ಡಿನಲ್ಲಿ ಮಾರ್ಚ್‌ನಿಂದ ಕಾದ ದ್ರವವನ್ನು ಸೆನ್ಸರ್ ಒಪ್ಪದೆ ಎಂಜಿನ್ನಿನ ಬಲ ಕುಗ್ಗಿಸಿದರೆ ತಪ್ಪು ಸೆನ್ಸರಿನದಲ್ಲ. ಬೇಸಿಗೆಗೆ ಮುನ್ನ ಟ್ಯಾಂಕನ್ನು ಕಡಿಮೆ ಮಾಡಿ, ಮಳೆಗಾಲದಲ್ಲಿ ಹೊಸದು ತುಂಬಿ, ಡಬ್ಬಿಯ ಮೇಲಿನ ತಯಾರಿಕೆ ದಿನಾಂಕ ನೋಡಿ ಕೊಳ್ಳಿ. ರಸಗೊಬ್ಬರದ ಯೂರಿಯಾ ಕಲಸಿ ಹಾಕುವ ಉಪಾಯ ಬೇಡ. ಅದರ ಕಲ್ಮಶ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟನ್ನು ಕೊಲ್ಲುತ್ತದೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಈ ದ್ರವ ಬಿದ್ದರೆ ಕೀಲಿ ಕೂಡ ತಿರುಗಿಸದೆ ಟ್ಯಾಂಕ್ ಇಳಿಸಿ.

ಪೆಟ್ರೋಲ್ ಗಾಡಿಗೆ ಇವ್ಯಾವುದೂ ಇಲ್ಲ. ಅದರ ತೊಂದರೆ ಇಂಧನ ಹಳತಾಗುವುದು. ಬಿಸಿಲಿಗೆ ಹಗುರ ಅಂಶ ಆವಿಯಾಗುತ್ತದೆ. ಮಳೆಗಾಲದಲ್ಲಿ ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಿತಿ ಮೀರಿದರೆ ನೀರು, ಎಥನಾಲ್ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಮೊದಲು ಎಳೆಯುವುದು ಅದನ್ನೇ. ನಿಲ್ಲಿಸುವ ಮುನ್ನ ಟ್ಯಾಂಕ್ ತುಂಬಿಸಿ ಖಾಲಿ ಜಾಗ ಕಡಿಮೆ ಮಾಡಿದರೆ ಎರಡೂ ತಗ್ಗುತ್ತವೆ. ಜೊತೆಗೆ ಚಿಕ್ಕ ಜನರೇಟರ್ ಇದ್ದರೆ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಬತ್ತುವವರೆಗೆ ಓಡಿಸಿ ಬಿಡಬೇಕು. ಡೀಸೆಲ್ ಟ್ಯಾಂಕಿಗೂ ನೀರು ಬರುತ್ತದೆ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಬಸಿದು ತೆಗೆಯಿರಿ. ವಾಡಿ, ಸೇಡಂ ಕಡೆ ಓಡುವವರು ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಬೇಕು. ಸಿಮೆಂಟು, ಕಲ್ಲುಗಣಿಯ ದೂಳು ಎರಡೂ ಎಂಜಿನ್ನಿಗೆ ಬೇಡ.

ಸಿಎನ್‌ಜಿ ಕಿ.ಮೀ. ಖರ್ಚಿನಲ್ಲಿ ಆಕರ್ಷಕ. ಆದರೆ 60 ಲೀಟರಿನ ಸಿಲಿಂಡರ್ 9–10 ಕಿಲೊ ಗ್ಯಾಸಿಗಾಗಿ ಒಂದು ಹಾಸಿಗೆಯ ಕೆಳಗಿನ ಜಾಗವನ್ನೆಲ್ಲ ತಿನ್ನುತ್ತದೆ.

ಹಳೆಯ ಗಾಡಿ ಕೊಳ್ಳುವವರು ಬಿಎಸ್-6 ಡೀಸೆಲ್ ಆದರೆ ಸೈಲೆನ್ಸರ್ ತುದಿಯೊಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಫಿಲ್ಟರ್ ನೆಟ್ಟಗಿದ್ದರೆ ಬಟ್ಟೆಗೆ ಮಸಿ ಹತ್ತುವುದಿಲ್ಲ ಎನ್ನುವಷ್ಟು ಕಡಿಮೆ. ಕಪ್ಪಾದರೆ ಫಿಲ್ಟರ್ ಒಡೆದಿದೆ ಅಥವಾ ಯಾರೋ ಅದನ್ನು ಕೊಯ್ದು ತೆಗೆದಿದ್ದಾರೆ. ಆಮೇಲೆ ಆಯಿಲ್ ಕಡ್ಡಿ: ಮಟ್ಟ ಮೇಲಿನ ಗೆರೆ ದಾಟಿದ್ದು ಡೀಸೆಲ್ ವಾಸನೆ ಬಂದರೆ ಆ ಗಾಡಿ ಓಡಿದ್ದಕ್ಕಿಂತ ನಿಂತು ಗುರ್ ಎಂದದ್ದೇ ಹೆಚ್ಚು. ಒಳಗೆ ಹಾಸಿಗೆ, ಅಡುಗೆ ಕಟ್ಟೆ ಹಾಕಿದ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿದೆಯೇ ಎಂದೂ ನೋಡಿ. ಇಲ್ಲದಿದ್ದರೆ ವಿಮೆಯ ಕ್ಲೇಮು ಕೈಕೊಡುತ್ತದೆ. ಪೆಟ್ರೋಲ್ ವ್ಯಾನಾದರೆ ಅದು 2023ರ ಏಪ್ರಿಲ್‌ಗಿಂತ ಹಳೆಯದೇ ಎಂದು ಕೇಳಿ (ಆಮೇಲೆ ಬಂದವುಗಳ ಭಾಗಗಳು ಇ-20 ತಾಳುವಂಥವು), ಹಳೆಯದಾದರೆ ಇಂಧನದ ರಬ್ಬರ್ ಕೊಳವೆಗಳನ್ನು ಬೆರಳಿನಿಂದ ಅದುಮಿ. ಎಥನಾಲ್‌ಗೆ ಉಬ್ಬಿ ಮೆತ್ತಗಾಗಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಮುರಿಸಿಕೊಳ್ಳಿ.