‘ನಮ್ಮ ಹತ್ರ ಇದ್ದಾಗ ಚೆನ್ನಾಗೇ ತಿಂತಿತ್ತು ಸಾರ್’

ಹಾವು, ಓತಿಗಳನ್ನು ಮರಿ ಮಾಡಿಸಿ ಸಾಕಲು ಮಾರುವ ಬ್ರೀಡರ್‌ಗೆ ಫೋನ್ ಹಚ್ಚಿದಾಗಲೆಲ್ಲ ನನ್ನ ಕಿವಿಗೆ ಮೊದಲು ಬೀಳುವ ಮಾತು ಇದು. ಟೇಬಲ್ ಮೇಲೆ ಗಾಳಿಗೆಂದು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಚೆಂಡಿನಂತೆ ಸುತ್ತಿಕೊಂಡ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಮರಿ. ಎದುರಿಗೆ, ಮೂರು ವಾರದಿಂದ ಅದು ಬಾಯಿಗೆ ಏನೂ ಹಾಕಿಲ್ಲವೆಂದು ಕಂಗಾಲಾದ ಇಂಜಿನಿಯರಿಂಗ್ ಹುಡುಗ. ಬೆಂಗಳೂರಿನ ನನ್ನ ಪಶುವೈದ್ಯ ಕ್ಲಿನಿಕ್ಕಿನಲ್ಲಿ ತಿಂಗಳಿಗೆ ಒಂದು ಸಲವಾದರೂ ಈ ಪಂಚಾಯಿತಿ ನಡೆಯುತ್ತದೆ. ಹುಡುಗನಿಗೆ ಬ್ರೀಡರ್ ಮೋಸ ಮಾಡಿದ ಅನ್ನಿಸಿರುತ್ತದೆ. ಬ್ರೀಡರ್‌ಗೆ ಈ ಹುಡುಗನಿಗೆ ಸಾಕಲು ಬರುವುದಿಲ್ಲ ಅನ್ನಿಸಿರುತ್ತದೆ. ಎಷ್ಟೋ ಸಲ ಇಬ್ಬರ ಮಾತೂ ನಿಜವಾಗಿರುತ್ತದೆ.

ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಪ್ರಾಣಿಯ ಮೈ ತಾನೇ ಸಾಕ್ಷಿ ಹೇಳುತ್ತದೆ, ಕೆಲವೊಮ್ಮೆ ತಾರೀಖಿನ ಸಮೇತ.

ಕೊಂಡು ಹನ್ನೆರಡು ದಿನವಾಗಿದ್ದ ಬಿಯರ್ಡೆಡ್ ಡ್ರಾಗನ್ ಎಂಬ ಓತಿಯ ಮರಿಯೊಂದನ್ನು ಒಬ್ಬ ತಾಯಿ, ಮಗ ತಂದಿದ್ದರು. ಕೈಗೆತ್ತಿಕೊಂಡು ಕೆಳದವಡೆ ಒತ್ತಿದರೆ ರಬ್ಬರಿನಂತೆ ಬಾಗಿತು. ಬೆರಳುಗಳು ಅದುರುತ್ತಿದ್ದವು. ಎಕ್ಸ್‌ರೇಯಲ್ಲಿ ಮೂಳೆಗಳು ಮಸುಕಾಗಿ, ಸುತ್ತಲಿನ ಮಾಂಸದಿಂದ ಬೇರೆಯಾಗಿ ಕಾಣುತ್ತಲೇ ಇರಲಿಲ್ಲ. ಹನ್ನೆರಡು ದಿನದಲ್ಲಿ ಮೂಳೆ ಹೀಗಾಗುವುದಿಲ್ಲ, ಅದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಈ ಜಾತಿಯ ಓತಿಗೆ ಸುಮಾರು 290ರಿಂದ 315 ನ್ಯಾನೋಮೀಟರಿನ ಅಲ್ಟ್ರಾವಯಲೆಟ್-ಬಿ ಕಿರಣ ಚರ್ಮದ ಮೇಲೆ ಬಿದ್ದರೆ ಮಾತ್ರ ವಿಟಮಿನ್ ಡಿ3 ತಯಾರಾಗುವುದು, ಡಿ3 ಇದ್ದರೆ ಮಾತ್ರ ಕ್ಯಾಲ್ಸಿಯಂ ಮೈಗೆ ಹತ್ತುವುದು. ಸಾಮಾನ್ಯ ಎಲ್‌ಇಡಿ ಬಲ್ಬಿನಲ್ಲಿ ಆ ಕಿರಣವಿಲ್ಲ. ಕಿಟಕಿಯ ಬಿಸಿಲಿದೆಯಲ್ಲ ಅನ್ನುತ್ತಾರೆ, ಗಾಜು ಅದನ್ನು ತಡೆಯುತ್ತದೆ. ಅದಕ್ಕೆಂದೇ ಮಾಡಿದ ಟ್ಯೂಬ್ ಕೂಡ ಬೆಳಕು ಕೊಡುತ್ತಲೇ ಇದ್ದು, ಆ ಕಿರಣವನ್ನು ಮಾತ್ರ ಕ್ರಮೇಣ ಕಳೆದುಕೊಳ್ಳುತ್ತಾ ಹೋಗುತ್ತದೆ. ಮಾರಿದವನ ಬಳಿ ಮರಿಗಳಿದ್ದ ಜಾಗದ ಫೋಟೊ ಕೇಳಿದೆ. ಸಾಲಾಗಿ ಡಬ್ಬಿಗಳು, ಮೇಲೆ ಒಂದು ಬಿಳಿ ಟ್ಯೂಬ್‌ಲೈಟ್. ಇಲ್ಲಿ ತಾಯಿ-ಮಗನದೇನೂ ತಪ್ಪಿರಲಿಲ್ಲ.

ಹುಡುಗನ ಹೆಬ್ಬಾವಿನ ಕಥೆ ಬೇರೆ. ಅದು ಡಿಸೆಂಬರ್. ಬೆಂಗಳೂರಿನಲ್ಲಿ ರಾತ್ರಿ ಹದಿನೈದು ಹದಿನಾರು ಡಿಗ್ರಿಗೆ ಇಳಿಯುವ ಕಾಲ. ಪಶ್ಚಿಮ ಆಫ್ರಿಕಾದ ಈ ಹಾವಿಗೆ ಗೂಡಿನ ಒಂದು ಮೂಲೆಯಾದರೂ 31-32 ಡಿಗ್ರಿ ಇರಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ಅರಗದ್ದನ್ನು ತಿನ್ನದಿರುವ ವಿವೇಕ ಹಾವಿಗಿದೆ (ಮದುವೆ ಮನೆಯಲ್ಲಿ ನಮಗೆ ಇರುವುದಿಲ್ಲ). ಗೂಡಿನಲ್ಲಿ ಹೀಟ್ ಮ್ಯಾಟ್ ಇರಲಿಲ್ಲ, ಅವಿತುಕೊಳ್ಳಲು ಮರೆ ಇರಲಿಲ್ಲ. ಸಾಲದ್ದಕ್ಕೆ ದಿನಾ ಸಂಜೆ ಸ್ನೇಹಿತರ ಕೈಯಿಂದ ಕೈಗೆ ಮೆರವಣಿಗೆ. ಆದರೆ ಫೋನಿನಲ್ಲಿ ಇನ್ನೊಂದು ವಿಷಯವೂ ಹೊರಬಿತ್ತು. ಬ್ರೀಡರ್ ಕೊಡುತ್ತಿದ್ದದ್ದು ಜೀವಂತ ಇಲಿಮರಿ, ಹುಡುಗ ಕೊಡುತ್ತಿದ್ದದ್ದು ಫ್ರೀಜರಿನಿಂದ ತೆಗೆದು ಕರಗಿಸಿದ್ದು. ಬಿಸಿಯನ್ನೂ ಅಲುಗಾಟವನ್ನೂ ನೋಡಿ ಬಾಯಿ ಹಾಕಲು ಕಲಿತ ಮರಿಗೆ ತಣ್ಣಗಿನ ಇಲಿ ಆಹಾರ ಅನ್ನಿಸುವುದಿಲ್ಲ. ಇದನ್ನು ಮಾರುವಾಗಲೇ ಹೇಳಬೇಕಿತ್ತು. ‘ಅವನು ಕೇಳಲಿಲ್ಲ ಸಾರ್’ ಎಂದ ಬ್ರೀಡರ್. ನಿಜ, ಹುಡುಗ ಕೇಳಿದ್ದು ಬಣ್ಣ ಮತ್ತು ರೇಟು.

ಇದಕ್ಕಿಂತ ಕೆಟ್ಟದ್ದು, ಒಮ್ಮೆಯೂ ತಿನ್ನದ ಮರಿಯನ್ನು ಮಾರುವುದು. ಮೊಟ್ಟೆಯೊಡೆದು ಬರುವ ಹಾವಿನ ಮರಿಯ ಹೊಟ್ಟೆಯಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಮೊಟ್ಟೆಯ ಹಳದಿ ಉಳಿದಿರುತ್ತದೆ. ಮೊದಲ ಪೊರೆ ಬಿಟ್ಟ ಮೇಲೆಯೇ ಮೊದಲ ಬೇಟೆ. ಅಷ್ಟರವರೆಗೆ ಮರಿ ಗುಂಡುಗುಂಡಾಗಿ, ಚುರುಕಾಗಿ, ಫೋಟೊಗೆ ಹೇಳಿ ಮಾಡಿಸಿದಂತೆ ಇರುತ್ತದೆ. ಆಗಲೇ ಸಾಗಹಾಕಿದರೆ ಮೇವು ಹಿಡಿಸುವ ತಲೆನೋವು ಕೊಂಡವನದು. ಐದಾರು ಸಲ ತಿಂದದ್ದರ ತಾರೀಖು, ತೂಕ ಬರೆದ ಚೀಟಿ ಕೊಡುವ ಬ್ರೀಡರ್‌ಗಳೂ ಇದ್ದಾರೆ. ಅಂಥವರು ಹೆಚ್ಚು ಹಣ ಕೇಳಿದರೆ ಚೌಕಾಸಿ ಮಾಡಬೇಡಿ.

‘ಕ್ಯಾಪ್ಟಿವ್ ಬ್ರೆಡ್’, ಅಂದರೆ ಸಾಕಣೆಯಲ್ಲೇ ಹುಟ್ಟಿದ್ದು ಎಂದು ಕೊಂಡ ಹಾವೊಂದರ ಕಣ್ಣಿನ ಅಂಚಿನಲ್ಲಿ, ಹುರುಪೆಯ ಅಡಿಯಲ್ಲಿ ರಕ್ತ ಹೀರುವ ಏಳು ಉಣ್ಣೆಹುಳ ಕಿತ್ತಿದ್ದೇನೆ. ಮೈಟ್ ಅನ್ನುವ ಕರಿ ಚುಕ್ಕೆಯಂಥ ನುಸಿ ಯಾವ ಸಾಕಣೆಯಲ್ಲೂ ಹಬ್ಬಬಹುದು. ಉಣ್ಣೆ ಹಾಗಲ್ಲ, ಅಪಾರ್ಟ್‌ಮೆಂಟಿನ ಡಬ್ಬಿಯಲ್ಲಿ ಹುಟ್ಟಿ ಬೆಳೆದ ಹಾವಿಗೆ ಅದು ಎಲ್ಲಿಂದ ಬರಬೇಕು? ಘಾನಾ, ಟೋಗೊ, ಬೆನಿನ್ ದೇಶಗಳಲ್ಲಿ ಬಸುರಿ ಹಾವುಗಳನ್ನು ಕಾಡು, ಹೊಲಗಳಿಂದ ಹಿಡಿದು, ಮೊಟ್ಟೆ ಇಡಿಸಿ, ಮರಿಗಳನ್ನು ಹೊರದೇಶಕ್ಕೆ ಕಳಿಸುವ ದಂಧೆ ದಶಕಗಳಿಂದ ಇದೆ. ನಮ್ಮಲ್ಲಿಗೆ ಬರುವ ದಾರಿ ಇನ್ನೂ ಗೂಢ. 2023ರ ಸೆಪ್ಟೆಂಬರ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಲಗೇಜಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಸತ್ತ ಆರು ಕ್ಯಾಪುಚಿನ್ ಕೋತಿಗಳು ಸಿಕ್ಕವು. ಸಿಕ್ಕಿಬೀಳದ ಚೀಲಗಳ ಸರಕನ್ನು ಮಾರುವವನೂ ತನ್ನನ್ನು ಬ್ರೀಡರ್ ಎಂದೇ ಕರೆದುಕೊಳ್ಳುತ್ತಾನೆ.

ಇನ್ನು ಬಣ್ಣದ ಹುಚ್ಚು. ‘ಸ್ಪೈಡರ್’ ಮಾರ್ಫಿನ, ಅಂದರೆ ಆ ಬಣ್ಣದ ಬಗೆಯ ಬಾಲ್ ಪೈಥಾನ್ ತಲೆ ವಾಲಾಡಿಸುತ್ತದೆ, ಇಲಿಗೆ ಗುರಿಯಿಟ್ಟು ಪಕ್ಕಕ್ಕೆ ಹೊಡೆಯುತ್ತದೆ. ಆ ಜೇಡರ ಬಲೆಯ ಚಿತ್ತಾರ ತರುವ ಜೀನ್‌ನ ಜೊತೆಗೇ ಸಮತೋಲನದ ದೋಷವೂ ಬರುತ್ತದೆ. ಔಷಧವಿಲ್ಲ. ಒಬ್ಬರಿಗೆ ‘ಹಸಿವಾದಾಗ ಹಾಗೆ ಮಾಡತ್ತೆ’ ಎಂದು ಹೇಳಿ ಮಾರಿದ್ದರು, ಅದೂ ಮಾಮೂಲಿ ಹಾವಿಗಿಂತ ಜಾಸ್ತಿ ದುಡ್ಡಿಗೆ.

ದುಡ್ಡು ವಾಪಸ್ ಕೇಳಬಹುದೇ ಎಂದು ನನ್ನನ್ನು ಕೇಳುತ್ತಾರೆ. ಬಿಲ್ ಇದೆಯೇ ಅನ್ನುತ್ತೇನೆ. ಅಲ್ಲಿಗೆ ಮಾತು ನಿಲ್ಲುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನ್, ಹಸಿರು ಇಗ್ವಾನಾ, ಸಲ್ಕಾಟಾ ಆಮೆಗಳೆಲ್ಲ ಈಗ ನಾಲ್ಕನೇ ಅನುಸೂಚಿಯಲ್ಲಿವೆ. 2024ರ ನಿಯಮಗಳಂತೆ ಇವುಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದವಿಲ್ಲದೆ ಕೊಂಡವನು ಮೋಸ ಹೋದೆನೆಂದು ದೂರು ಕೊಡಲು ಹೊರಟರೆ ಮೊದಲು ತನ್ನ ಲೆಕ್ಕವನ್ನೇ ಒಪ್ಪಿಸಬೇಕಾಗುತ್ತದೆ, ಇದು ಮಾರಿದವನಿಗೂ ಚೆನ್ನಾಗಿ ಗೊತ್ತು. ನಕ್ಷತ್ರ ಆಮೆಯಂಥ ನಮ್ಮ ನೆಲದ ಜೀವಿಗಳ ಬಗ್ಗೆಯಂತೂ ಕೇಳಲೇಬೇಡಿ. ‘ಅದೃಷ್ಟಕ್ಕೆ’ ಎಂದು ತಂದಿಟ್ಟುಕೊಂಡರೆ ಅದು ನೇರ ಅಪರಾಧ.

‘ಲೈವ್ ಅರೈವಲ್ ಗ್ಯಾರಂಟಿ’, ಅಂದರೆ ಜೀವಂತ ತಲುಪಿಸುತ್ತೇವೆ ಅನ್ನುವ ಮಾತಿಗೂ ಮರುಳಾಗಬೇಡಿ. ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದ ಡಬ್ಬಿ ತೆರೆದಾಗ ಮರಿ ಉಸಿರಾಡುತ್ತಿದ್ದರೆ ಗ್ಯಾರಂಟಿ ಮುಗಿಯಿತು. ಸಾಧ್ಯವಾದರೆ ನೀವೇ ಹೋಗಿ, ಅದು ಹುಟ್ಟಿದ ಗೂಡನ್ನೂ ತಾಯಿಯನ್ನೂ ನೋಡಿ. ಹೋಗಲಾಗದಿದ್ದರೆ ಫೋಟೊ ಬೇಡ, ಅದು ತಿನ್ನುವ ವಿಡಿಯೊ ಕೇಳಿ. ತಂದ ವಾರದೊಳಗೆ ಹಿಕ್ಕೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಹೊಸದನ್ನು ಮೂರು ತಿಂಗಳು ಬೇರೆ ಕೋಣೆಯಲ್ಲಿಡಿ. ಹೆಬ್ಬಾವುಗಳ ಶ್ವಾಸಕೋಶಕ್ಕೆ ಹತ್ತುವ ನೈಡೊವೈರಸ್ ಮೊದಮೊದಲು ಹೊರಗೆ ಕಾಣಿಸಿಕೊಳ್ಳದೆಯೂ ಇರಬಲ್ಲದು.

ಹುಡುಗನಿಗೆ ನಾನು ಔಷಧ ಬರೆಯಲಿಲ್ಲ. ಥರ್ಮೋಸ್ಟಾಟ್ ಇರುವ ಹೀಟ್ ಮ್ಯಾಟ್, ಎರಡು ಕಡೆ ಅವಿತುಕೊಳ್ಳುವ ಮರೆ, ಹತ್ತು ದಿನ ಯಾರೂ ಮುಟ್ಟಬಾರದು, ಕರಗಿಸಿದ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಅಲುಗಿಸಿ ಕೊಡು ಎಂದೆ. ಹನ್ನೊಂದನೇ ರಾತ್ರಿ ವಿಡಿಯೊ ಕಳಿಸಿದ. ಇಲಿಯ ಬಾಲವಷ್ಟೇ ಹೊರಗಿತ್ತು. ಅದನ್ನೇ ಬ್ರೀಡರ್‌ಗೂ ಕಳಿಸಿದನಂತೆ. ಆ ಕಡೆಯಿಂದ ಒಂದು ಹೆಬ್ಬೆರಳು ಬಂತು, ಅದರ ಬೆನ್ನಿಗೇ ಇನ್ನೊಂದು ಬಣ್ಣದ ಮರಿಯ ಫೋಟೊ, ಕೆಳಗೆ ರೇಟು.