ಮಗಳಿಗೆ ವೈರು, ಸ್ಕ್ರೂಡ್ರೈವರ್ ಒಗ್ಗಲ್ಲ, ಸೈನ್ಸ್ ಕ್ಯಾಂಪಿಗೆ ಕಳಿಸಬೇಕಾ?

ಪರೀಕ್ಷೆ ಮುಗಿದು ಏಪ್ರಿಲ್ ಬಂತು ಅಂದ್ರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಕಳಿಸಿ. ಉತ್ತರ ಅಷ್ಟೇ. ಫೀಸು, ಟ್ರಾಫಿಕ್ಕು, ಊಟದ ಡಬ್ಬಿಯ ತಲೆನೋವು ನಿಮಗೇ ಗೊತ್ತು.

ಆದರೆ ಆ "ಒಗ್ಗಲ್ಲ" ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹುಡುಗ ಹುಡುಗಿಯರ ಒಂದು ಗುಂಪಿಗೆ ಒಂದೇ ಸರ್ಕ್ಯೂಟ್ ಕೊಟ್ಟು ನೋಡಿ. ಐದು ನಿಮಿಷದಲ್ಲಿ ವೈರು ಹುಡುಗರ ಕೈಯಲ್ಲಿ, ಪೆನ್ನು ಹುಡುಗಿಯರ ಕೈಯಲ್ಲಿ. "ನಿನ್ನ ಅಕ್ಷರ ಚೆನ್ನಾಗಿದೆ, ನೀನು ಬರಿ" ಅಂತ ಯಾರೋ ಅಂದಿರುತ್ತಾರೆ. ಕ್ಯಾಂಪ್ ನಡೆಸಿದ ಮೊದಲ ವರ್ಷ ನಾನೇ ಅಂದಿದ್ದೆ. ಮೊದಲ ದೋಸೆ ಹರಿದರೆ ಅವಳಿಗೆ "ಪರವಾಗಿಲ್ಲ, ಇನ್ನೊಂದು ಹುಯ್ಯಿ" ಅಂತೀರಿ. ವೈರಿನ ವಿಷಯಕ್ಕೆ ಮಾತ್ರ ಹುಯ್ಯುವ ಮುಂಚೆಯೇ "ಬಿಡು, ನಿನಗೆ ಒಗ್ಗಲ್ಲ". ಯಾವ ನ್ಯಾಯ?

ಈಗ ತಲೆಗೊಂದು ಬಟನ್ ಸೆಲ್, ಒಂದು ಎಲ್‌ಇಡಿ ಕೊಡುತ್ತೇನೆ. ಹೋದ ವರ್ಷ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್‌ಇಡಿಯ ಎರಡು ಕಾಲುಗಳ ನಡುವೆ ಸೆಲ್ ಸಿಕ್ಕಿಸಿದಳು. ಹತ್ತಲಿಲ್ಲ. "ಕೆಟ್ಟೋಗಿದೆ ಮಿಸ್" ಅಂದಳು. ನಾನು ಸುಮ್ನಿದ್ದೆ. ಸೆಲ್ ತಿರುಗಿಸಿದಳು, ಹತ್ತಿತು! ಎಲ್‌ಇಡಿಯಲ್ಲಿ ಕರೆಂಟ್ ಒಂದೇ ಕಡೆಗೆ ಹರಿಯುತ್ತದೆ, ಉದ್ದ ಕಾಲು ಪ್ಲಸ್ ಕಡೆಗೇ ಇರಬೇಕು. ಇದನ್ನು ನಾನು ಪಾಠ ಮಾಡಬೇಕಾಗಲಿಲ್ಲ. ಪಕ್ಕದವಳಿಗೆ ಅವಳೇ ಹೇಳಿಕೊಟ್ಟಳು.

ಶಾಕ್ ಹೊಡೆಯಲ್ವಾ? ಇಲ್ಲ. ಅದು 3 ವೋಲ್ಟ್, ಮನೆಯ ಪ್ಲಗ್ಗಿನಲ್ಲಿರುವುದು 230. ಭಯಪಡಬೇಕಾದ್ದು ಬೇರೆ: ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸೆಲ್ ಎತ್ತಿಡಿ, ನುಂಗಿದರೆ ತುಂಬಾ ಅಪಾಯ.

"ಒಗ್ಗಲ್ಲ" ಅನ್ನೋದು ನಮ್ಮ ಬೆಂಗಳೂರಿಗೆ ಹೊಸದೇನಲ್ಲ. 1933ರಲ್ಲಿ ಕಮಲಾ ಭಾಗವತ್ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಐಐಎಸ್‌ಸಿಗೆ, ಅರ್ಜಿ ಹಾಕಿದಾಗ, ಹುಡುಗಿ ಅಂತ ಅಲ್ಲಿನ ಡೈರೆಕ್ಟರ್ ಸಿ.ವಿ. ರಾಮನ್ ಅವರೇ ಬೇಡ ಅಂದಿದ್ದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ನೋಡೋಣ ಅಂತ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಡ್ಜ್ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಕಮಲಾ ಸೊಹೋನಿ ಅಂತ ಈಗ ಗೂಗಲ್ ಮಾಡಿದರೆ ಸಿಗುವುದು ಇವರೇ.

ಕ್ಯಾಂಪ್ ಮುಗಿದ ಮೇಲೇನು ಅಂತ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಬಟನ್ ಒತ್ತಿದರೆ ಓಡುವ ಮಾದರಿಗಳು ಬೇಕಾದಷ್ಟಿವೆ. ಆದರೆ ಅಲ್ಲಿ ನಾನು ಪ್ರತಿ ಸಲ ನೋಡುವುದು ಒಂದೇ: ಮಗು ಕೈ ಚಾಚುವಷ್ಟರಲ್ಲಿ ಅಪ್ಪ ಒತ್ತಿ ಆಗಿರುತ್ತದೆ. ನಿಮ್ಮ ಕೈ ಜೇಬಲ್ಲೇ ಇರಲಿ ಸ್ವಾಮಿ.