ಲೋಗೊ ಎಲ್ಲಿ ಹೋಯ್ತು?

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಗ್ರಾಹಕರೊಬ್ಬರ ಫೋನು. "ಸರ್, ಪೇಜೇನೋ ಓಪನ್ ಆಗ್ತಿದೆ. ಆದ್ರೆ ನಮ್ಮ ಲೋಗೊ ಎಲ್ಲಿ ಹೋಯ್ತು? ಟೋಟಲ್ ಬಟನ್ ಒತ್ತಿದ್ರೂ ಏನೂ ಆಗ್ತಿಲ್ಲ."

ಹಿಂದಿನ ರಾತ್ರಿಯಷ್ಟೇ ಅವರ ಒರಾಕಲ್ ಏಪೆಕ್ಸ್ (ಡೇಟಾಬೇಸಿನಲ್ಲೇ ವೆಬ್ ಅಪ್ಲಿಕೇಶನ್ ಕಟ್ಟುವ ಉಪಕರಣ) ಅಪ್ಲಿಕೇಶನ್ನನ್ನು ಪರೀಕ್ಷೆಯ ಜಾಗವಾದ ಟೆಸ್ಟ್‌ನಿಂದ ಜನ ಬಳಸುವ ಪ್ರೊಡಕ್ಷನ್‌ಗೆ ಸಾಗಿಸಿ, ಇಂಪೋರ್ಟ್ ಮುಗಿಯಿತು ಎಂಬ ಸಾಲು ನೋಡಿ ಮಲಗಿದ್ದೆ. ಪೇಜು, ರಿಪೋರ್ಟು, ಬಟನ್ನು ಎಲ್ಲವೂ ಬಂದಿದ್ದವು. ಒಂದು ಪಿಎನ್‌ಜಿ ಚಿತ್ರ, ಬಟನ್ನಿಗೆ ಕೆಲಸ ಹೇಳುವ ಒಂದು ಜಾವಾಸ್ಕ್ರಿಪ್ಟ್ ಫೈಲು ಮಾತ್ರ ಹಳೇ ಮನೆಯಲ್ಲೇ ಉಳಿದಿದ್ದವು. ಕಟ್ಟಿಕೊಂಡು ಬರುವಾಗ ಬಿಟ್ಟವನು ನಾನೇ.

ಫೈಲು, ಫೋಲ್ಡರುಗಳಲ್ಲಿ ಕೋಡ್ ಇಡುವ ಪಿಎಚ್‌ಪಿಯಿಂದ ಏಪೆಕ್ಸ್‌ಗೆ ಬಂದ ಹುಡುಗರು ಮೊದಲ ದಿನ ಕೇಳುವುದೇ "ಇಮೇಜಸ್ ಫೋಲ್ಡರ್ ಎಲ್ಲಿದೆ?" ಎಂದು. ಫೋಲ್ಡರ್ ಇಲ್ಲ. 2004ರಲ್ಲಿ ಎಚ್‌ಟಿಎಂಎಲ್ ಡಿಬಿ ಎಂಬ ಹೆಸರಿನಲ್ಲಿ ಬಂದ ಈ ಉಪಕರಣ ಡೇಟಾಬೇಸಿನ ಹೊಟ್ಟೆಯೊಳಗೇ ಬದುಕುತ್ತದೆ. ನೀವು ಬರೆದ ಪೇಜು ಒಂದು ಟೇಬಲ್ಲಿನ ಕೆಲವು ಸಾಲು. ನೀವು ಅಪ್‌ಲೋಡ್ ಮಾಡಿದ ಲೋಗೊ ಇನ್ನೊಂದು ಟೇಬಲ್ಲಿನ ಬ್ಲಾಬ್, ಅಂದರೆ ಹಾಗೇ ತುಂಬಿಟ್ಟ ಬೈಟುಗಳ ಮುದ್ದೆ. ಬ್ರೌಸರ್ ಕೇಳಿದಾಗ ಅದನ್ನು ತೆಗೆದು ಫೈಲಿನಂತೆ ಕೊಡುತ್ತದೆ, ಅಷ್ಟೆ.

ಆದರೆ ಫೈಲು ಇಡಲು ಜಾಗ ಮೂರಿವೆ, ತೊಂದರೆ ಹುಟ್ಟುವುದು ಅಲ್ಲೇ. ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಸ್ಟ್ಯಾಟಿಕ್ ಅಪ್ಲಿಕೇಶನ್ ಫೈಲ್ಸ್ ಎಂದರೆ ನಿಮ್ಮ ಬಾಡಿಗೆ ಮನೆಯ ಬೀರು. ವರ್ಕ್‌ಸ್ಪೇಸ್ ಫೈಲ್ಸ್ ಎಂದರೆ ವಠಾರದ ನಡುವಿನ ಅಂಗಳ; ಅಲ್ಲಿಟ್ಟದ್ದನ್ನು ಎಲ್ಲ ಮನೆಯವರೂ, ಅಂದರೆ ಆ ವರ್ಕ್‌ಸ್ಪೇಸಿನ ಎಲ್ಲ ಅಪ್ಲಿಕೇಶನ್‌ಗಳೂ ಬಳಸಬಹುದು. ಮೂರನೆಯದು ವೆಬ್ ಸರ್ವರಿನ ಡಿಸ್ಕು, ಬೀದಿ ನಲ್ಲಿಯ ಹಾಗೆ. ಮನೆ ಬದಲಿಸುವಾಗ ಲಾರಿ ಹತ್ತುವುದು ಬೀರು ಮಾತ್ರ. ಅಪ್ಲಿಕೇಶನ್ ಎಕ್ಸ್‌ಪೋರ್ಟ್ ಮಾಡಿದರೆ ಅದರ ಸ್ವಂತ ಫೈಲುಗಳು ಜೊತೆಗೆ ಬರುತ್ತವೆ, ಅಂಗಳದವು ಬರುವುದಿಲ್ಲ; ಅವನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಬೇಕು. ನಾನು ಲೋಗೊ, ಸ್ಕ್ರಿಪ್ಟು ಎರಡನ್ನೂ ಇಟ್ಟದ್ದು ಅಂಗಳದಲ್ಲಿ.

ಹೊಸ ಕೆಲಸವೆಂದರೆ ಎಲ್ಲವನ್ನೂ ಬೀರುವಿಗೇ ಹಾಕಿ. 2015ರ 5.0 ಆವೃತ್ತಿಯಿಂದ ಈಚೆಗೆ ಇದು ಸಲೀಸು: ಇಡೀ ಫೋಲ್ಡರನ್ನು ಜಿಪ್ ಮಾಡಿ ಏರಿಸಿದರೆ ಒಳಗಿನ ಉಪಫೋಲ್ಡರುಗಳ ಸಮೇತ ಬಿಚ್ಚಿಕೊಳ್ಳುತ್ತದೆ. ಒಂದು ಎಚ್ಚರ, ಜಿಪ್‌ನಲ್ಲಿ ಇಲ್ಲದ ಹಳೆಯ ಫೈಲನ್ನು ಅದು ತಾನಾಗಿ ಅಳಿಸುವುದಿಲ್ಲ. ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರವೂ ಲೆಕ್ಕಕ್ಕೆ ಬರುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಮರೆತೇ ಹೋಗಿರುತ್ತದೆ.

ಈಗ ನನ್ನ ಮುಖ್ಯ ತಕರಾರು. ಏಪೆಕ್ಸ್‌ನಲ್ಲಿ ಫೈಲನ್ನು ಬ್ರೌಸರಿನಲ್ಲೇ ತಿದ್ದಿ ಸೇವ್ ಮಾಡಬಹುದು. ತುಂಬ ಅನುಕೂಲ, ಅದಕ್ಕೇ ಅಪಾಯ. ಸೇವ್ ಒತ್ತಿದೊಡನೆ ಅಲ್ಲಿದ್ದ ಹಳೆಯ ಪ್ರತಿಯ ಮೇಲೆ ಹೊಸದು ಕೂತುಬಿಡುತ್ತದೆ. ಬದಲಾವಣೆಗಳ ಇತಿಹಾಸ ಇಡುವ ಗಿಟ್ ಇದೆಯಲ್ಲ, ಎಕ್ಸ್‌ಪೋರ್ಟ್ ಅಲ್ಲಿರುತ್ತದಲ್ಲ ಎನ್ನುತ್ತೀರಿ. ಆ ಎಕ್ಸ್‌ಪೋರ್ಟನ್ನು ಒಮ್ಮೆ ತೆರೆದು ನೋಡಿ. ನಿಮ್ಮ ಸ್ಕ್ರಿಪ್ಟು ಅಲ್ಲಿ ಓದುವ ಹಾಗಿರುವುದಿಲ್ಲ. ಹೆಕ್ಸ್ (ಹದಿನಾರರ ಎಣಿಕೆಯ) ಅಂಕಿಗಳ ಉದ್ದುದ್ದ ಸಾಲುಗಳಿರುತ್ತವೆ. 89504 ಎಂದು ಶುರುವಾದರೆ ಪಿಎನ್‌ಜಿ ಚಿತ್ರ ಎಂದು ಕಣ್ಣಳತೆಯಲ್ಲೇ ಹೇಳುವಷ್ಟು ಅವನ್ನು ನೋಡಿದ್ದೇನೆ. ಒಂದು ಅಲ್ಪವಿರಾಮ ತಿದ್ದಿದರೂ ಅದರಾಚೆಯ ಅಂಕಿಗಳೆಲ್ಲ ಸರಿದು ಸಾಲುಸಾಲೇ ಬದಲಾಗಿ ಕಾಣುತ್ತವೆ. ಯಾರು ಏನು ತಿದ್ದಿದರೆಂದು ಅದರಿಂದ ತಿಳಿಯುವಂತಿಲ್ಲ.

ಹಾಗಾಗಿ ನಮ್ಮಲ್ಲಿ ಅಸಲು ಪ್ರತಿ ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ, ಗಿಟ್‌ನೊಳಗೆ. ಡೇಟಾಬೇಸಿನಲ್ಲಿರುವುದು ಜೆರಾಕ್ಸ್. ತಿದ್ದುವುದು ಅಸಲಿನಲ್ಲಿ, ಏರಿಸುವುದು ಆಮೇಲೆ. ತುರ್ತಿನಲ್ಲಿ ಜೆರಾಕ್ಸನ್ನೇ ತಿದ್ದಿದರೆ ಅಂದು ಸಂಜೆಯೊಳಗೆ ಅಸಲಿಗೂ ಇಳಿಸಬೇಕು. ಇದನ್ನು ಮೀರಿ ಒಮ್ಮೆ ನಾನೇ ಇನ್ನೂರು ಸಾಲಿನ ಸ್ಕ್ರಿಪ್ಟಿನ ಮೇಲೆ ಖಾಲಿ ಫೈಲು ಹಾಕಿದ್ದೆ. ಎಕ್ಸ್‌ಪೋರ್ಟ್ ಪುಟದಲ್ಲಿ "ಇಷ್ಟು ನಿಮಿಷದ ಹಿಂದೆ ಇದ್ದ ಹಾಗೆ" ತೆಗೆಯುವ ಸೌಲಭ್ಯ ಇದೆ, ಒರಾಕಲ್ಲಿನ ಫ್ಲ್ಯಾಶ್‌ಬ್ಯಾಕ್ ಆಧರಿಸಿದ್ದು. ಹದಿನೈದು ನಿಮಿಷ ಹಿಂದಕ್ಕೆ ಹೋಗಿ ಎಳೆದು ತಂದೆ. ಮಾರನೇ ದಿನ ನೆನಪಾಗಿದ್ದರೆ ಬಹುಶಃ ಸಿಗುತ್ತಿರಲಿಲ್ಲ. ಡೇಟಾಬೇಸು ಹಳೆಯ ಪ್ರತಿಗಳನ್ನಿಡುವ ಅನ್‌ಡೂ ಜಾಗದಲ್ಲಿ ಉಳಿದಿರುವವರೆಗೆ ಮಾತ್ರ ಅದರ ಆಯಸ್ಸು.

"ಫೈಲ್ ಬದಲಿಸಿದೆ, ಪೇಜಲ್ಲಿ ಹಳೇದೇ ಬರ್ತಿದೆ" ಎನ್ನುವವರು ಮೊದಲು ಪೇಜಿನಲ್ಲಿ ವಿಳಾಸ ಹೇಗೆ ಬರೆದಿದ್ದೀರಿ ನೋಡಿ. ಎರಡು ಹ್ಯಾಷ್‌ಗಳ ನಡುವೆ ಆ್ಯಪ್ ಫೈಲ್ಸ್ ಎಂಬ ಗುರುತು ಹಾಕಿದ್ದರೆ (ಹಳೆಯ ಅಪ್ಲಿಕೇಶನ್ನುಗಳಲ್ಲಿ ಅದೇ ಆ್ಯಪ್ ಇಮೇಜಸ್) ಏಪೆಕ್ಸ್ ತಾನೇ ಸರಿಯಾದ ವಿಳಾಸ ಕಟ್ಟಿಕೊಡುತ್ತದೆ. ಈಗಿನ ಆವೃತ್ತಿಗಳಲ್ಲಿ ಆ ವಿಳಾಸದೊಳಗೊಂದು ಸಂಖ್ಯೆಯೂ ಇರುತ್ತದೆ, ಫೈಲು ಬದಲಾದಂತೆ ಅದು ಏರುತ್ತದೆ, ಬ್ರೌಸರ್ ಹೊಸದನ್ನು ಕೇಳುತ್ತದೆ. ಬ್ರೌಸರಿನ ಪಟ್ಟಿಯಿಂದ ಪೂರ್ತಿ ವಿಳಾಸವನ್ನು ನಕಲಿಸಿ ಅಂಟಿಸಿದವರಿಗೆ ಈ ಸೇವೆ ಇಲ್ಲ.

ಕನ್ನಡ ಸಂದೇಶಗಳಿರುವ ಸ್ಕ್ರಿಪ್ಟು ಇನ್ನೊಂದು ಕಥೆ. "ಮೊತ್ತ ತುಂಬಿ" ಎಂದು ಬರೆದ ಕಡೆ ನೆತ್ತಿಯ ಮೇಲೆ ಗೀರಿರುವ ಇಂಗ್ಲಿಷ್ ಎ, ಅದರ ಪಕ್ಕ ಪುಟ್ಟ 2 ಅಥವಾ 3, ಮತ್ತೆ ಗೀರಿನ ಎ ಹೀಗೆ ಸಾಲುಗಟ್ಟಿ ಬಂದರೆ ಗಾಬರಿ ಬೇಡ, ಅಕ್ಷರ ಕೆಟ್ಟಿಲ್ಲ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟು. ಬ್ರೌಸರ್ ಅವನ್ನು ಬಿಡಿಬಿಡಿಯಾಗಿ ಓದುತ್ತಿದೆ. ಫೈಲಿನ ವಿವರದ ಪುಟದಲ್ಲಿ ಕ್ಯಾರೆಕ್ಟರ್ ಸೆಟ್ (ಬೈಟುಗಳನ್ನು ಯಾವ ಅಕ್ಷರವಾಗಿ ಓದಬೇಕೆಂಬ ಪಟ್ಟಿ) ಏನಿದೆ ನೋಡಿ. ನಾನು ಕಂಡ ಪ್ರಕರಣದಲ್ಲಿ ಯಾರೋ ವಿಂಡೋಸಿನ ಸೆಟ್ ಆರಿಸಿದ್ದರು. ಯುಟಿಎಫ್-8 ಮಾಡಿದೆ, ಸರಿಹೋಯಿತು.

ಮತ್ತೆ, ಈ ಬೀರುವಿಗೆ ಬೀಗವಿಲ್ಲ. ಲಾಗಿನ್ ಪುಟವೇ ಲಾಗಿನ್‌ಗೆ ಮುಂಚೆ ಲೋಗೊ ತೋರಿಸಬೇಕಲ್ಲ! ವಿಳಾಸ ಗೊತ್ತಿದ್ದವರು ಯಾರಾದರೂ ತೆರೆಯಬಹುದು. ಸಹಿಯ ಸ್ಕ್ಯಾನ್ ಪ್ರತಿ ಇಲ್ಲಿಟ್ಟಿದ್ದನ್ನು ನೋಡಿದ್ದೇನೆ. ಅಂಥವು ನಿಮ್ಮದೇ ಟೇಬಲ್ಲಿನ ಬ್ಲಾಬ್ ಕಾಲಮ್ಮಿನಲ್ಲಿರಲಿ, ಅನುಮತಿ ಪರೀಕ್ಷಿಸುವ ಪ್ರೊಸೀಜರಿನ ಹಿಂದೆ.

ಆ ಸೋಮವಾರದ ಲೋಗೊಗೆ ಬಂದರೆ, ಹತ್ತು ಗಂಟೆಗೆ ಅದನ್ನೂ ಸ್ಕ್ರಿಪ್ಟನ್ನೂ ಅಪ್ಲಿಕೇಶನ್ನಿನ ಬೀರುವಿಗೇ ಏರಿಸಿ, ಪೇಜಿನ ಗುರುತು ಬದಲಿಸಿದೆ. ಆಮೇಲೆ ವರ್ಕ್‌ಸ್ಪೇಸಿನ ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿದರೆ ಲೋಗೊ, ಲೋಗೊ ನ್ಯೂ, ಲೋಗೊ ಫೈನಲ್, ಲೋಗೊ ಫೈನಲ್ 2. ಯಾವುದನ್ನು ಯಾವ ಪೇಜು ಕರೆಯುತ್ತಿದೆಯೆಂದು ಹುಡುಕಿ ಮೂರನ್ನು ಅಳಿಸಿದೆ. ಫೈನಲ್ 2 ಒಂದು ಹಳೆಯ ಅಪ್ಲಿಕೇಶನ್ನಿನ ರಸೀದಿಯಲ್ಲಿ ಇನ್ನೂ ಅಚ್ಚಾಗುತ್ತಿತ್ತು. ಅದನ್ನು ಮುಟ್ಟಲಿಲ್ಲ.